ಅಲ್ಲ ಅಂದ್ರ ಅಲ್ಲ ಅಲ್ಲ

ನಮ್ಮ ಕಡೆ ಹಸಿಶುಂಠಿಗೆ ಅಲ್ಲ ಅಂತಾರೆ. ಕಮಲನಗರದ ಸಂತೆಯಲ್ಲಿ ನಿಂತು ‘ಅಲ್ಲ ಹ್ಯಾಂಗ್ರಿ?’ ಅಂದರೆ ರೇಟು ಹೇಳುತ್ತಾರೆ, ಜಗಳಕ್ಕೆ ಬರುವುದಿಲ್ಲ. ‘ಇದು ಅಲ್ಲ ಅಲ್ಲೇನು?’ ‘ಅಲ್ಲೇ ಅದ ನೋಡ್ರಿ ಅಲ್ಲ’ ಅನ್ನುವ ಸಂಭಾಷಣೆ ನಮಗೆ ಸಹಜ. ಕನ್ನಡ ಕಲಿಯಲು ಬಂದವರು ಇದನ್ನು ಕೇಳಿದರೆ ಪುಸ್ತಕ ಮುಚ್ಚಿ ಮುಂದಿನ ಗಾಡಿ ಹಿಡಿದಾರು.

ನನ್ನ ಫಜೀತಿ ಶುರುವಾದದ್ದೂ ಈ ಅಲ್ಲದಿಂದಲೇ. ದವಾಖಾನೆಗೆ ಮಂಡ್ಯದ ಕಡೆಯ ಹುಡುಗರೊಬ್ಬರು ಡಾಕ್ಟರಾಗಿ ಬಂದಿದ್ದರು. ನನ್ನ ಸಕ್ಕರಿ ಬ್ಯಾನಿಯ ಗುಳಿಗೆ, ಬಿಪಿ ಗುಳಿಗೆ, ರಕ್ತ ತೆಳ್ಳಗಾಗಲು ಕೊಟ್ಟ ಆಸ್ಪಿರಿನ್ ಎಲ್ಲ ನೋಡಿ, ‘ಬೇರೆ ಏನಾದ್ರೂ ತಗೋತಾ ಇದೀರಾ ಯಜಮಾನ್ರೇ?’ ಅಂದರು. ಯಜಮಾನ್ರೇ ಅಂದದ್ದಕ್ಕೆ ಉಬ್ಬಿಹೋಗಿ, ಖರೇ ಹೇಳೋಣ ಅಂತ ‘ಅಲ್ಲ’ ಅಂದೆ. ಅವರು ಚೀಟಿಯ ಮೇಲೆ ‘ನಿಲ್’ ಅಂತ ಬರೆದು ಗಂಟೆ ಬಾರಿಸಿದರು. ಮುಂದಿನವರು ಒಳಗೆ ಬಂದರು, ನಾನು ಹೊರಗೆ ಬಂದೆ.

ಖರೇ ಅಂದರೆ ಅಲ್ಲ ಒಂದೇ ಅಲ್ಲ. ಆಗ ನಾನು ದಿನಾ ತೆಗೆದುಕೊಳ್ಳುತ್ತಿದ್ದದ್ದನ್ನೆಲ್ಲ ಹೇಳಿದ್ದರೆ ಚೀಟಿ ಸಾಲದೆ ಹಿಂಬದಿಗೂ ಬರೆಯಬೇಕಾಗುತ್ತಿತ್ತು. ಆದರೆ ಅದನ್ನೆಲ್ಲ ಔಷಧ ಅಂತ ನಾನೇ ಎಣಿಸಿರಲಿಲ್ಲ. ಔಷಧ ಅಂದರೆ ಮೆಡಿಕಲ್ಲಿನಿಂದ ಬರುವುದು, ರೊಕ್ಕ ಕೊಟ್ಟು ತರುವುದು. ಮಸಾಲಿ ಡಬ್ಬಿಯಿಂದ ಬರುವುದು ‘ಮನೀದೇ ಅದ’. ಮನೀದಕ್ಕೆ ಲೆಕ್ಕ ಇಡುವವರು ಯಾರು?

ನನಗಿದ್ದ ತ್ರಾಸು ಪಾದದ್ದು. ಜುಮ್ಮು ಜುಮ್ಮು. ಹಗಲು ಇರುವೆ ಹರಿದಾಡಿದ ಹಾಗೆ, ರಾತ್ರಿ ಕೆಂಡದ ಮೇಲೆ ಇಟ್ಟ ಹಾಗೆ. ಚಾದರದ ಅಂಚು ತಾಗಿದರೂ ಉರಿ. ಒಂದು ಸಂಜೆ ಸ್ಟೇಶನ್ನಿನಿಂದ ಮನೆಗೆ ಬಂದು ಹೊಸ್ತಿಲಲ್ಲಿ ಚಪ್ಪಲಿ ಬಿಡಲು ಹೋದರೆ ಎಡಗಾಲಿನದು ಇರಲೇ ಇಲ್ಲ. ದಾರಿಯಲ್ಲಿ ಎಲ್ಲೋ ಕಳಚಿದೆ, ಕಾಲಿಗೆ ಸುದ್ದಿಯೇ ಇಲ್ಲ. ಹುಡುಕಿಕೊಂಡು ಹಿಂದಕ್ಕೆ ಹೋದಾಗ ಚಹಾದ ಅಂಗಡಿಯ ಹುಡುಗ ಅದನ್ನು ಕಟ್ಟೆಯ ಮೇಲೆ ಎತ್ತಿಟ್ಟಿದ್ದ. ‘ಮಾಸ್ತರ, ಒಂದೇ ಚಪ್ಪಲ್‌ ಹಾಕ್ಕೊಂಡು ಎಷ್ಟು ಜೋರ್ ಹೊಂಟಿದ್ರಿ!’ ಅಂದ.

ನರದ ತೊಂದರೆ ಇರಬಹುದು ಅಂತ ನಾನು ಕಟ್ಟೆಯ ಮೇಲೆ ಬಾಯಿಬಿಟ್ಟದ್ದು ತಪ್ಪಾಯಿತು. ರೈಲ್ವೆ ಹಳಿಯ ಪಕ್ಕದ ಗೋಡೆಗಳ ಮೇಲೆ ಗ್ಯಾರಂಟಿ ಚಿಕಿತ್ಸೆಯ ಜಾಹೀರಾತು ಓದಿ ಬೆಳೆದ ಊರಿದು. ನರದೌರ್ಬಲ್ಯ ಅಂದರೆ ಇಲ್ಲಿ ಅರ್ಥ ಒಂದೇ. ‘ಈ ವಯಸ್ಸಿನಾಗ ಯಾಕ್ರಿ ಮಾಸ್ತರ ಅದರ ಚಿಂತಿ?’ ಅಂತ ಸಮಾಧಾನ ಹೇಳಿದರು. ಪಾದದ ನರ ಅಂತ ತಿಳಿಸಿಹೇಳುವಷ್ಟರಲ್ಲಿ ಸಾಕಾಯಿತು. ತಿಳಿದ ಮೇಲೆ ಮಾತ್ರ ಸಲಹೆಗಳ ಮಳೆ.

ಮೊದಲನೆಯದು ಅರಿಶಿಣ ಹಾಲು. ಅದಕ್ಕೆ ಕರಿಮೆಣಸು ಕಡ್ಡಾಯ ಅಂತ ಮೊಬೈಲಿನಲ್ಲಿ ನೋಡಿದ ಅಳಿಯನ ಅಪ್ಪಣೆ. ಮೆಣಸು ಯಾಕೆ ಅನ್ನುವುದಕ್ಕೆ ಒಂದು ನಿಜವಾದ ಕಥೆ ಇದೆ, ಅದೂ ನಮ್ಮ ಬೆಂಗಳೂರಿನದೇ. ಅರಿಶಿಣದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ 3 ಪಾಲಿನಷ್ಟು. ಆ 3 ಪಾಲೂ ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರುವುದು ಕಷ್ಟ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಮೆಣಸಿನ ಖಾರದ ಸತ್ವ, ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ 2000 ಪ್ರತಿಶತ ಹೆಚ್ಚಿತು. ಜಗತ್ತಿನಲ್ಲಿ ಈಗ ಮಾರುವ ಅರಿಶಿಣ ಗುಳಿಗೆಯ ಎಷ್ಟೋ ಡಬ್ಬಿಗಳ ಮೇಲೆ ಮೆಣಸಿನ ಹೆಸರು ಇರುವುದಕ್ಕೆ ಆ ಪ್ರಯೋಗವೇ ಮೂಲ.

ಮೆಣಸಿನ ಮಾತು ಬಂತು ಅಂತ ಹೇಳುತ್ತೇನೆ, ಐನೂರೈವತ್ತು ವರ್ಷದ ಹಿಂದೆ ಅಫನಾಸಿ ನಿಕಿತಿನ್ ಅನ್ನುವ ರಷ್ಯದ ವ್ಯಾಪಾರಿ ಬಹಮನಿಗಳ ಕಾಲದ ನಮ್ಮ ಬೀದರಿಗೆ ಬಂದಿದ್ದ. ತನ್ನ ದೇಶಕ್ಕೆ ಒಯ್ಯುವಂಥ ಮಾಲು ಇಲ್ಲಿ ಏನೂ ಇಲ್ಲ, ಮೆಣಸು ಮತ್ತು ಬಣ್ಣ ಮಾತ್ರ ಸೋವಿ ಅಂತ ಗೊಣಗಿ ಬರೆದಿಟ್ಟುಹೋದ. ಈಗ ಬಂದಿದ್ದರೆ ಮೆಣಸಿನ ರೇಟು ಕೇಳಿ ಬಣ್ಣ ಒಂದನ್ನೇ ಕಟ್ಟಿಸಿಕೊಂಡು ಹೋಗುತ್ತಿದ್ದ.

ಮೆಣಸು ಅರಿಶಿಣವನ್ನು ಒಳಗೆ ಬಿಡುವ ಬಗೆಯನ್ನು ಕಮಲನಗರದವರಿಗೆ ತಿಳಿಸುವುದು ಸುಲಭ. ನಾವು ಗಡಿಯ ಜನ. ಊರು ದಾಟಿದರೆ ಉದಗೀರ, ಅದು ಮಹಾರಾಷ್ಟ್ರ. ನಾಕಾ ಅಂದರೇನು ಅಂತ ಕೊರೊನಾ ಕಾಲದಲ್ಲಿ ಮಗಳ ಮನೆಗೆ ಹೊರಟು ಅರ್ಧ ದಿನ ಬಿಸಿಲಲ್ಲಿ ನಿಂತವರಿಗೆಲ್ಲ ಗೊತ್ತು. ಕರುಳು ಮತ್ತು ಲಿವರಿನಲ್ಲೂ ಅಂಥ ನಾಕಾ ಇದೆ. ಕರ್ಕ್ಯುಮಿನ್ ಬಂದ ಕೂಡಲೇ ಅದಕ್ಕೊಂದು ಚೀಟಿ ಅಂಟಿಸಿ ಹೊರಗಟ್ಟುತ್ತಾರೆ. ಮೆಣಸು ಹೋಗಿ ನಾಕಾದವರಿಗೆ ಚಹಾ ಕುಡಿಸುತ್ತಾ ಕೂರುತ್ತದೆ. ಅಷ್ಟರಲ್ಲಿ ಅರಿಶಿಣದ ಗಾಡಿ ಪಾರು.

ಅಳಿಯನ ವಿಡಿಯೋ ಇಲ್ಲಿಗೇ ನಿಂತಿತ್ತು. ನಾಕಾದವರು ಚಹಾ ಕುಡಿಯುತ್ತಿರುವಾಗ ಅರಿಶಿಣದ ಹಿಂದಿನ ಗಾಡಿಗಳೂ ಪಾರಾಗುತ್ತವಲ್ಲ, ಅದನ್ನು ಯಾರೂ ಹೇಳಲಿಲ್ಲ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಅಂಥ ಒಂದು ಗಾಡಿ. ಪೈಪರಿನ್ ಜೊತೆಯಾದರೆ ಅದರ ಮಟ್ಟ ರಕ್ತದಲ್ಲಿ ಏರುತ್ತದೆ. ಆ ಗುಳಿಗೆಯೋ, ಮಟ್ಟ ತುಸು ಮೇಲೆ ಹೋದರೆ ಸಾಕು, ಕಣ್ಣುಗುಡ್ಡೆ ಅದುರುತ್ತದೆ, ನಡಿಗೆ ಓಲಾಡುತ್ತದೆ. ಸಾರಿನಲ್ಲಿ ಬೀಳುವ ನಾಲ್ಕು ಕಾಳು ಮೆಣಸಿಗೆ ಯಾರೂ ಹೆದರಬೇಕಿಲ್ಲ. ಡಬ್ಬಿಗಟ್ಟಲೆ ಸತ್ವ ನುಂಗುವವರ ಮಾತು ಬೇರೆ. ಅಮೆರಿಕದಲ್ಲಿ ಅರಿಶಿಣದ ಗುಳಿಗೆಯಿಂದ ಲಿವರ್ ಕೆಟ್ಟ 10 ಮಂದಿಯ ವರದಿಯನ್ನು 2022ರಲ್ಲಿ ಪ್ರಕಟಿಸಿದರು. ಅವರಲ್ಲಿ 7 ಮಂದಿಯ ಮೈಯಲ್ಲಿ ಒಂದೇ ಬಗೆಯ ವಂಶವಾಹಿ ಇತ್ತು. ಒಬ್ಬರು ತೀರಿಕೊಂಡರು. ಇಷ್ಟಾಗಿ, ಮರೆವಿನ ರೋಗಕ್ಕೆ ಕರ್ಕ್ಯುಮಿನ್ ನಾಟುತ್ತದೆಯೇ ಅಂತ ಹಾಂಗ್‌ಕಾಂಗಿನಲ್ಲಿ 34 ಮಂದಿಯ ಮೇಲೆ 6 ತಿಂಗಳು ಪ್ರಯೋಗ ಮಾಡಿ ನೋಡಿದಾಗ, 2008ರ ಆ ವರದಿಯಲ್ಲಿ ಸಿಕ್ಕ ಲಾಭ ಏನೂ ಇಲ್ಲ. ಲ್ಯಾಬಿನ ಬೋಗುಣಿಯಲ್ಲಿ, ಇಲಿಯಲ್ಲಿ ನಡೆದದ್ದು ಮನುಷ್ಯರಲ್ಲಿ ನಡೆಯಲಿಲ್ಲ.

ಇನ್ನೊಂದು ವಿಚಿತ್ರ. ಬಾಂಗ್ಲಾದೇಶದಲ್ಲಿ ಅರಿಶಿಣದ ಕೊಂಬು ಹೊಳೆಯಲಿ ಅಂತ ಸೀಸದ ಕ್ರೋಮೇಟ್ ಅನ್ನುವ ಹಳದಿ ಬಣ್ಣ ಸವರುತ್ತಿದ್ದರು. 2019ರಲ್ಲಿ ಅದು ಬಯಲಾಯಿತು. ಸರಕಾರ ಗಟ್ಟಿಯಾಗಿ ಹಿಡಿದ ಮೇಲೆ 2021ರ ಹೊತ್ತಿಗೆ ಪೇಟೆಯಲ್ಲಿ ಹುಡುಕಿದರೂ ಸಿಗದಂತಾಯಿತು. ಆಮೇಲೆ ನಮ್ಮ ದೇಶದಲ್ಲಿ ಪಾಟ್ನಾದ ಮಾದರಿಗಳಲ್ಲೂ ಅದು ಸಿಕ್ಕಿತು. ಸೀಸ ಮಕ್ಕಳ ಮಿದುಳಿಗೇ ವಿಷ. ಮಿದುಳು ಚುರುಕಾಗಲಿ ಅಂತ ಅರಿಶಿಣ ಕುಡಿಸಿ ಮಿದುಳಿನ ವಿಷ ಕುಡಿಸಿದ ಹಾಗೆ. ನಮ್ಮಾಕೆ ಇದನ್ನು ಕೇಳಿದ್ದೇ ತಡ, ವಸಮತ್ ಕಡೆಯ ಕೊಂಬು ತರಿಸಿ ಮನೆಯಲ್ಲೇ ಕುಟ್ಟಿಸಿದಳು. ಮೂರು ದಿನ ಮನೆಯವರೆಲ್ಲ ಹಳದಿ ಶಾಸ್ತ್ರಕ್ಕೆ ಕೂತವರ ಹಾಗೆ ಕಂಡೆವು.

ನನ್ನ ಪಾದ ಹಾಗೇ ಉರಿಯುತ್ತಿತ್ತು.

ಎರಡನೆಯದು ಜಾಜಿಕಾಯಿ. ಇದು ಯಾರ ಸಲಹೆಯೂ ಅಲ್ಲ, ನನ್ನದೇ ಶಾಣ್ಯಾತನ. ಉರಿಗೆ ನಿದ್ದೆ ಬಾರದೆ ಹೊರಳಾಡುವಾಗ ಅವ್ವನ ನೆನಪಾಯಿತು. ಕೂಸು ಅತ್ತರೆ ಅವ್ವ ಸಾಣೆಕಲ್ಲು ಹಿಡಿದು ಕೂರುತ್ತಿದ್ದಳು. ಮುಂದೆ ಜಾಜಿಕಾಯಿ, ಅಳಲೆಕಾಯಿ, ಬಜೆ ಸಾಲಾಗಿ. ಕಲ್ಲಿಗೆ ನಾಲ್ಕು ಹನಿ ಹಾಲು ಬಿಟ್ಟು, ಬಾಯಲ್ಲಿ ಎಣಿಸುತ್ತ ತೇಯುತ್ತಿದ್ದಳು. ಜಾಜಿಕಾಯಿ ಎರಡು ಸುತ್ತು. ಬಜೆ ಒಂದೇ ಸುತ್ತು, ಅದೂ ಅರ್ಧಕ್ಕೆ ಕೈ ಹಗುರ. ಅಳಲೆಕಾಯಿ ನಾಲ್ಕು. ನಡುವೆ ನಾವು ಯಾರಾದರೂ ಮಾತಾಡಿಸಿ ಲೆಕ್ಕ ತಪ್ಪಿದರೆ ಎಲ್ಲ ಒರೆಸಿ ಮತ್ತೆ ಮೊದಲಿನಿಂದ. ಸೈಡ್ ಎಫೆಕ್ಟ್ ಅನ್ನುವ ಮಾತು ಆಕೆಗೆ ಗೊತ್ತಿರಲಿಲ್ಲ. ‘ಉಷ್ಣ ಆಗ್ತದ’, ‘ಕೂಸಿಗಿ ಬಾಧಸ್ತದ’ ಅನ್ನುತ್ತಿದ್ದಳು. ಅವ್ವನ ಲೆಕ್ಕವನ್ನೂ ಈಗ ಕಣ್ಣುಮುಚ್ಚಿ ಒಪ್ಪುವಂತಿಲ್ಲ ಅನ್ನಿ. ಬಜೆಯಲ್ಲಿರುವ ಆಸರೋನ್ ಅನ್ನುವ ಅಂಶದ ಕಾರಣಕ್ಕೆ ಅಮೆರಿಕದಲ್ಲಿ 1968ರಿಂದ ಅದನ್ನು ತಿನಿಸಿಗೆ ಸೇರಿಸುವಂತಿಲ್ಲ. ನನ್ನ ಮೊಮ್ಮಗಳಿಗೆ ಬಜೆ ನೆಕ್ಕಿಸಲು ಮಗಳು ಬಿಡಲಿಲ್ಲ, ನಾನೂ ವಾದಿಸಲಿಲ್ಲ.

ನಾನು ಸುತ್ತು ಎಣಿಸಲಿಲ್ಲ. ಅಲ್ಲ ಹೆರೆಯುವ ಹೆರೆಮಣೆಯಲ್ಲಿ ಅರ್ಧ ಜಾಜಿಕಾಯಿ ಹೆರೆದು ಹಾಲಿಗೆ ಹಾಕಿ ಕುಡಿದೆ. ಒಂದು ತಾಸು ಕಾದೆ, ನಿದ್ದೆ ಇಲ್ಲ. ಮಾಲು ಹಳೆಯದಿರಬೇಕು ಅಂದುಕೊಂಡು ಉಳಿದರ್ಧವನ್ನೂ ಹೆರೆದು ಕುಡಿದೆ. ಜಾಜಿಕಾಯಿಯ ಮೋಸ ಇರುವುದೇ ಇಲ್ಲಿ. ಅದರೊಳಗಿನ ಮಿರಿಸ್ಟಿಸಿನ್ ತಲೆಗೇರಲು ಮೂರರಿಂದ ಆರು ತಾಸು ಬೇಕು. ಬೆಳಗಿನ ಜಾವ ಕಣ್ಣು ಬಿಟ್ಟರೆ ಬಾಯಿ ಒಣಗಿ ಬೆಂಡು, ನಾಲಿಗೆ ಯಾರದೋ ಅನ್ನಿಸುತ್ತದೆ, ಎದೆ ಹಲಿಗೆ ಬಡಿದಂತೆ ಬಡಿಯುತ್ತಿದೆ. ತಲೆಯ ಮೇಲಿನ ಫ್ಯಾನು ನಿಂತಿತ್ತು, ಕೋಣೆ ತಿರುಗುತ್ತಿತ್ತು. ‘ರೈಲು ಯಾಕ ಮನಿಯೊಳಗ ಬಂದದ?’ ಅಂತ ನಮ್ಮಾಕೆಯನ್ನು ಕೇಳಿದೆನಂತೆ. ಆಕೆ ನನ್ನ ಬಾಯಿ ಮೂಸಿ ನೋಡಿದಳು. ನಲವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ. ಶ್ರೀಖಂಡದ ವಾಸನೆ ಬಂದದ್ದರಿಂದ ಸಂಶಯ ಇನ್ನೂ ಹೆಚ್ಚಾಯಿತು. ಆ ದಿನ ಸಂಜೆಯವರೆಗೆ ನಾನು ಮನುಷ್ಯನಾಗಿರಲಿಲ್ಲ. ದವಾಖಾನೆಗೆ ಹೋಗಬೇಕಿತ್ತು, ಮರ್ಯಾದೆ ಅಡ್ಡ ಬಂತು. ಅದು ಎರಡನೆಯ ದಡ್ಡತನ.

ಮೂರನೆಯದರ ಹಿಂದೆ ಮಾತ್ರ ನೊಬೆಲ್ ಬಹುಮಾನವೇ ಇದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನರದ ತುದಿಯ ಯಾವ ಬಾಗಿಲನ್ನು ತಟ್ಟುತ್ತದೆ ಅಂತ ಡೇವಿಡ್ ಜೂಲಿಯಸ್ 1997ರಲ್ಲಿ ಕಂಡುಹಿಡಿದರು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಮೈ ಸುಡುವ ಶಾಖಕ್ಕೆ, ಸುಮಾರು 43 ಡಿಗ್ರಿ ಮೇಲೆ, ತೆರೆಯುವ ಬಾಗಿಲೂ ಅದೇ. ಹಾಗಾಗಿಯೇ ಖಾರ ತಿಂದರೆ ಬೆಂಕಿ ಅನ್ನಿಸುವುದು. ಒಂದೇ ಸಮನೆ ತಟ್ಟುತ್ತಿದ್ದರೆ ನರದ ತುದಿ ಬೇಸತ್ತು ಸುಮ್ಮನಾಗುತ್ತದೆ, ನೋವಿನ ಸುದ್ದಿ ಕಳಿಸುವುದನ್ನು ಬಿಡುತ್ತದೆ. ಸರ್ಪಸುತ್ತಿನ ನಂತರ ಉಳಿಯುವ ಉರಿಗೆ, ಸಕ್ಕರಿ ಬ್ಯಾನಿಯ ಪಾದದ ಉರಿಗೆ ಇದರ ಮುಲಾಮು ಉಂಟು. 8 ಪ್ರತಿಶತದ ಪಟ್ಟಿಯೂ ಉಂಟು, ಅದನ್ನು ಹಚ್ಚುವುದು ಆಸ್ಪತ್ರೆಯಲ್ಲೇ. ಮಸಾಲೆಯಿಂದ ಬಂದು ನರದ ಡಾಕ್ಟರ ಚೀಟಿಯವರೆಗೆ ನೆಟ್ಟಗೆ ನಡೆದುಹೋದದ್ದು ಇದೊಂದೇ ಅಂತ ನನಗೆ ಕಾಣುತ್ತದೆ.

ಮುಲಾಮಿಗೆ ರೊಕ್ಕ ಯಾಕೆ, ಮನೆಯಲ್ಲಿ ಬ್ಯಾಡಗಿ, ಗುಂಟೂರು ಎರಡೂ ಇವೆಯಲ್ಲ! ಕುಸುಬಿ ಎಣ್ಣೆಯಲ್ಲಿ ಖಾರಪುಡಿ ಕಾಸಿದೆ. ಪಾದಕ್ಕೆ ಹಚ್ಚಿದೆ. ಮೊದಲೇ ಸ್ಪರ್ಶ ಕಮ್ಮಿಯಾದ ಪಾದ, ಏನೂ ಅನ್ನಿಸಲಿಲ್ಲ, ಇನ್ನಷ್ಟು ಹಚ್ಚಿದೆ. ಆಮೇಲೆ ಸೆಕೆಗೆ ಹಣೆ ಒರೆಸಿಕೊಂಡೆ. ಬೆವರು ಕಣ್ಣಿಗಿಳಿಯಿತು. ಹಿತ್ತಲ ನಲ್ಲಿಗೆ ಓಡಿ ತೊಳೆದರೆ ಕೈಯ ಎಣ್ಣೆ ಇಡೀ ಮುಖಕ್ಕೆ. ಕ್ಯಾಪ್ಸೈಸಿನ್ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಜಗ್ಗುತ್ತದೆ. ನಮ್ಮಾಕೆಗೆ ಆ ಹೆಸರು ಗೊತ್ತಿರದಿದ್ದರೂ ಮಿರ್ಚಿ ಹೆಚ್ಚಿದ ಕೈ ಗೊತ್ತು. ಕೈಗೆ, ಕೆನ್ನೆಗೆ ತುಪ್ಪ ಸವರಿ, ಸಾಬೂನು ಹಚ್ಚಿ ತೊಳೆದು, ಆಮೇಲೆ ಕಣ್ಣಿಗೆ ಒಂದು ಕೊಡ ನೀರು ಸುರಿದಳು. ಮರುದಿನ ಪಾದದಲ್ಲಿ ಎರಡು ಗುಳ್ಳೆ. ಸಕ್ಕರಿ ಬ್ಯಾನಿಯವರ ಪಾದದ ಗುಳ್ಳೆ ಅಂದರೆ ತಮಾಷೆಯಲ್ಲ.

ಈ ಸಲ ದವಾಖಾನೆಗೆ ಆಕೆಯೂ ಬಂದಳು. ಡಾಕ್ಟರು ಗುಳ್ಳೆ ನೋಡಿದರು. ತೋಳಿನ ಮೇಲಿನ ನೀಲಿ ಕಲೆಗಳನ್ನೂ ನೋಡಿ ಹುಬ್ಬು ಗಂಟಿಕ್ಕಿದರು. ‘ಆಸ್ಪಿರಿನ್ ಒಂದೇ ಗುಳಿಗೆಗೆ ಇಷ್ಟು ಕಲೆಯಾ? ಬೇರೇನೂ ಇಲ್ಲ ಅಂದಿದ್ರಲ್ಲ?’

‘ಅವ್ರು ಇಲ್ಲ ಅಂದಿಲ್ರಿ. ಅಲ್ಲ ಅಂದಾರ,’ ಅಂದಳು ನಮ್ಮಾಕೆ. ‘ಅಲ್ಲ ಅಂದ್ರ ಅಲ್ಲ ಅಲ್ರಿ ಡಾಕ್ಟರ, ಅಲ್ಲ ಅಂದ್ರ ಹಸಿ ಶುಂಠಿ.’

ಆಮೇಲೆ ಉಳಿದ ಪಟ್ಟಿಯನ್ನೂ ಬಿಚ್ಚಿದಳು. ಮುಂಜಾನೆ ಅಲ್ಲದ ರಸ, ಹಸಿ ಬಳ್ಳೊಳ್ಳಿ, ಊಟಕ್ಕೆ ಮುಂಚೆ ಮೆಂತೆ, ಮಧ್ಯಾಹ್ನ ದಾಲ್ಚಿನ್ನಿ ನೀರು, ರಾತ್ರಿ ಅರಿಶಿಣ–ಮೆಣಸು. ಜಾಜಿಕಾಯಿಯ ಕಥೆಯನ್ನೂ ಬಿಡಲಿಲ್ಲ, ರೈಲು ಮನೆಯೊಳಗೆ ಬಂದದ್ದನ್ನು ಸೇರಿಸಿ. ಡಾಕ್ಟರು ‘ನಿಲ್’ ಹೊಡೆದುಹಾಕಿ ಬರೆಯತೊಡಗಿದರು. ಅಲ್ಲ, ಬಳ್ಳೊಳ್ಳಿ, ಅರಿಶಿಣ ಮೂರೂ ಔಷಧದ ಪ್ರಮಾಣಕ್ಕೆ ಏರಿದರೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಹುದು, ಆಸ್ಪಿರಿನ್ ಮಾಡುವುದೂ ಅದನ್ನೇ, ಕಲೆಗೆ ಅದೇ ಕಾರಣ ಇರಬಹುದು ಅಂದರು. ಪೇಟೆಯ ದಾಲ್ಚಿನ್ನಿ ಹೆಚ್ಚಿನದು ಕ್ಯಾಸಿಯಾ ಜಾತಿಯದು, ಅದರ ಕೂಮರಿನ್ ದಿನಾ ಹೋದರೆ ಲಿವರಿಗೆ ಒಳ್ಳೆಯದಲ್ಲ ಅಂದರು. ಎಲ್ಲವನ್ನೂ ಅಡುಗೆಯ ಅಳತೆಗೆ ಇಳಿಸಲು ಹೇಳಿ ರಕ್ತ ಪರೀಕ್ಷೆಗೆ ಬರೆದರು.

ಪರೀಕ್ಷೆಯಲ್ಲಿ ಬಿ12 ತಳ ಮುಟ್ಟಿತ್ತು. ನಾನು ವರ್ಷಗಳಿಂದ ನುಂಗುವ ಮೆಟ್‌ಫಾರ್ಮಿನ್ ಬಿ12 ಹೀರಿಕೆಯನ್ನು ತಗ್ಗಿಸುತ್ತದಂತೆ. ಮೇಲಾಗಿ ನಾವು ಸಸ್ಯಾಹಾರಿಗಳು, ಹಾಲು ಮೊಸರಿನಲ್ಲಿ ಬಂದಷ್ಟೇ ಬಂತು. ಬಿ12 ಕಡಿಮೆಯಾದರೂ ಪಾದ ಹೀಗೇ ಜುಮ್ಮೆನ್ನುತ್ತದೆ. ಮಸಾಲಿ ಡಬ್ಬಿಯ ಏಳು ಬಟ್ಟಲನ್ನು ಬೋರಲು ಹಾಕಿ ಕೊಡವಿದರೂ ಒಂದು ಹನಿ ಬಿ12 ಸಿಗುವುದಿಲ್ಲ. ಇಂಜೆಕ್ಷನ್ ಶುರುವಾಯಿತು. ಆರು ತಿಂಗಳಾದ ಮೇಲೆ ಇರುವೆಗಳು ಕಡಿಮೆಯಾಗಿವೆ. ಪೂರ್ತಿ ಹೋಗಿಲ್ಲ, ಸಕ್ಕರೆಯ ಪಾಲಿನವು ಅಲ್ಲೇ ಇವೆ. ಗುಳ್ಳೆ ಮಾಯ್ದ ಮೇಲೆ ಅಂಗಡಿಯ ಮುಲಾಮು ಹಚ್ಚುತ್ತೇನೆ, ಕೈಚೀಲ ಹಾಕಿಕೊಂಡು. ಸಂಜೆ ಚಹಾಕ್ಕೆ ಅಲ್ಲ ಜಜ್ಜಿ ಹಾಕುವುದನ್ನು ಡಾಕ್ಟರೂ ಬೇಡ ಅನ್ನಲಿಲ್ಲ, ನಾನು ಕೇಳಲೂ ಇಲ್ಲ.

ಮೊನ್ನೆ ಇಂಜೆಕ್ಷನ್ನಿಗೆ ಪಾಳಿಯಲ್ಲಿ ಕೂತಿದ್ದೆ. ಡಾಕ್ಟರು ಈಗ ನಮ್ಮ ಕನ್ನಡ ಕಲಿತಿದ್ದಾರೆ. ನನ್ನ ಮುಂದಿನ ಮುದುಕಿ ಸೆರಗಿನ ತುದಿಯಲ್ಲಿ ಏನೋ ಗಂಟು ಹಾಕಿಕೊಂಡು ಒಳಗೆ ಹೋದಳು. ಡಾಕ್ಟರು ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ, ಅಭಿಮಾನದಿಂದ ಕೇಳಿದರು: ‘ಮನ್ಯಾಗ ಅಲ್ಲ ತಗೋತೀರೇನು ಆಯಿ?’

‘ಅಲ್ಲ ಅಲ್ಲಪ್ಪಾ,’ ಅಂದಳು ಮುದುಕಿ, ಗಂಟು ಬಿಚ್ಚುತ್ತಾ, ‘ಲವಂಗ.’