ಅಮ್ಮನ ಹಾಸ್ಟೆಲ್ಲು

ನಾನು ಸಿವಿಲ್ ತಗೊಂಡಾಗ ನಮ್ಮನೇಲಿ ಖುಷಿಪಟ್ಟಿದ್ದು ಅಮ್ಮ ಒಬ್ಬಳೇ. ಉಳಿದವರೆಲ್ಲ "ಸಿಎಸ್ ಸಿಗ್ಲಿಲ್ವಾ ಪುಟ್ಟಿ?" ಅಂತ ಕೇಳಿ ಕಾಫಿ ಕುಡಿದು ಹೋದ್ರು. ಅಮ್ಮನ ಖುಷಿಗೆ ಕಾರಣ ಏನು ಅಂತ ಗೊತ್ತಾಗಿದ್ದು ಥರ್ಡ್ ಸೆಮ್ ಮುಗಿಸಿ ಮನೆಗೆ ಹೋದಾಗ. "ಭಾನುವಾರ ನಮ್ಮ ಹಾಸ್ಟೆಲ್ ಬಿಲ್ಡಿಂಗ್ ನೋಡೋಕೆ ಬಾರೇ. ನನ್ ಮಗಳು ಇಂಜಿನಿಯರು, ಅವಳೇ ಹೇಳ್ತಾಳೆ ಅಂತ ಗ್ರೂಪಲ್ಲಿ ಹಾಕ್ಬಿಟ್ಟಿದೀನಿ."

ನನಗೆ ಆಗ ಬರ್ತಿದ್ದದ್ದು ಬೆಂಡಿಂಗ್ ಮೊಮೆಂಟ್ ಡಯಾಗ್ರಮ್ ಮಾತ್ರ. ಅದೂ ಸಿಂಪ್ಲಿ ಸಪೋರ್ಟೆಡ್ ಬೀಮಿಗೆ.

ಅಮ್ಮ 1991ರಿಂದ 94ರವರೆಗೆ ಮೈಸೂರಿನ ಒಂದು ಲೇಡೀಸ್ ಹಾಸ್ಟೆಲ್‌ನಲ್ಲಿದ್ದು ಬಿಎಸ್ಸಿ ಮಾಡಿದ್ಲು. ಒಂದು ಸಮುದಾಯದ ಟ್ರಸ್ಟ್ ನಡೆಸೋ ಹಾಸ್ಟೆಲ್ಲು, ಹೆಸರು ಬೇಡ. ತಾತ ಮಗಳನ್ನ ಊರು ಬಿಟ್ಟು ಕಳಿಸೋಕೆ ಒಪ್ಪಿದ್ದೇ ಆ ಹಾಸ್ಟೆಲ್ ಇದೆ ಅಂತ. ಗೇಟು ಸಂಜೆ ಆರಕ್ಕೆ ಬೀಗ, ವಾರಕ್ಕೊಂದು ಸಲ ಎಸ್‌ಟಿಡಿ ಫೋನು, ತಿಂಗಳಿಗೆ ಕೈಗೆಟಕೋ ಫೀಸು. ಅದು ಇಲ್ದೇ ಹೋಗಿದ್ರೆ ಪಿಯುಸಿ ಮುಗಿದ ವರ್ಷವೇ ಮದುವೆ ಮಾಡ್ತಿದ್ರು ಅಂತ ಅಮ್ಮ ಸಲೀಸಾಗಿ ಹೇಳ್ತಾಳೆ, ಯಾರದೋ ಕತೆ ಹೇಳೋ ಹಾಗೆ.

ಆಗಿನ ಹುಡುಗೀರ ವಾಟ್ಸಾಪ್ ಗ್ರೂಪಲ್ಲಿ ಈಗ ಅರವತ್ತು ಜನ ಇದ್ದಾರೆ. ಅವರಿಗೆ ಇವತ್ತಿಗೂ ಊರಿನ ಹೆಸರೇ: ಅರಸೀಕೆರೆ, ಕೊಳ್ಳೇಗಾಲ, ಸಕಲೇಶಪುರ. ಅರಸೀಕೆರೆ ಈಗ ದುಬೈಯಲ್ಲಿದ್ದಾರೆ, ಆದ್ರೂ ಅರಸೀಕೆರೆನೇ. ಗ್ರೂಪಲ್ಲಿ ಗುಡ್ ಮಾರ್ನಿಂಗ್ ಹೂವು, ಮಕ್ಕಳ ಮದುವೆ ಕಾರ್ಡು, ಮೊಣಕಾಲು ನೋವಿನ ಎಣ್ಣೆ ಬಿಟ್ರೆ ಬೇರೇನೂ ಇರ್ತಿರ್ಲಿಲ್ಲ. ಹೋದ ಮಳೆಗಾಲದಲ್ಲಿ ಯಾರೋ ಒಂದು ಫೋಟೋ ಹಾಕಿದ್ರು. ಹಿಂದಿನ ಬ್ಲಾಕಿನ ಸಜ್ಜಾದಿಂದ ಕಾಂಕ್ರೀಟ್ ತುಂಡು ಉದುರಿ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಬಿದ್ದಿತ್ತು. ರಾತ್ರಿ ಬಿದ್ದಿದ್ದಕ್ಕೆ ಯಾರಿಗೂ ಏನೂ ಆಗಿರ್ಲಿಲ್ಲ. ಅವತ್ತು ಅಮ್ಮನ ಫೋನು ಬಡ್ಕೋತಾನೇ ಇತ್ತು. ಮೈಸೂರಿನವರಿಗೆ ಈ ಭಯ ಸುಮ್ನೆ ಬಂದಿದ್ದಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತಿದ್ದು, 2016ರಲ್ಲಿ ದೇವರಾಜ ಮಾರುಕಟ್ಟೆಯ ಭಾಗ ಬಿದ್ದಿದ್ದು ಎಲ್ಲರಿಗೂ ನೆನಪಿದೆ.

ಭಾನುವಾರ ಹದಿನೆಂಟು ಜನ ಆಂಟಿಯರು ಬಂದಿದ್ರು. ಗೇಟಿನ ಹತ್ರ ಅಮ್ಮನ್ನ ನೋಡಿ ಒಬ್ಬರು "ಲೇ, ಬಂದ್ಯೇನೇ!" ಅಂತ ಕೂಗಿದ್ರು. ನಮ್ಮಮ್ಮನ್ನ "ಲೇ" ಅನ್ನೋರು ಈ ಪ್ರಪಂಚದಲ್ಲಿದ್ದಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ.

ನಾನು ಗಂಭೀರವಾಗಿ ಮುಖ ಮಾಡ್ಕೊಂಡು ಗೋಡೆ ತಟ್ಟುತ್ತಾ ಓಡಾಡಿದೆ. ಎಲ್ಲರೂ ಹೆದರಿದ್ದು ಮುಂದಿನ ಹಳೇ ಬ್ಲಾಕಿಗೆ. ಅದು ಮದ್ರಾಸ್ ತಾರಸಿ. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನ ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಜೋಡಿಸಿ, ಮೇಲೆ ಇಟ್ಟಿಗೆ ಚೂರಿನ ಸುಣ್ಣದ ಕಾಂಕ್ರೀಟ್ ಹಾಕಿರ್ತಾರೆ. ಕೆಳಗೆ ನಿಂತು ನೋಡಿದ್ರೆ ಸಾಲು ಸಾಲಾಗಿ ಕಾಣುತ್ತೆ, ಫೋಟೋ ತೆಗೀಬೇಕು ಅನಿಸುತ್ತೆ. ಸಿಮೆಂಟ್ ಪ್ಲಾಸ್ಟರ್ ಬಳಿದ ಕಡೆ ಮಾತ್ರ ಗೋಡೆ ಬೆವರಿತ್ತು. ಸುಣ್ಣದ ಗೋಡೆ ಒಳಗಿನ ತೇವ ಹೊರಗೆ ಬಿಡುತ್ತೆ, ಮೇಲೆ ಸಿಮೆಂಟ್ ಬಳಿದ್ರೆ ಅದು ಒಳಗೇ ಉಳ್ಕೊಳುತ್ತೆ. ನಿಜವಾಗಿ ಕೆಟ್ಟಿದ್ದು ಆಮೇಲೆ ಕಟ್ಟಿದ ಹಿಂದಿನ ಆರ್‌ಸಿಸಿ ಬ್ಲಾಕು. ಸಜ್ಜಾದ ಕಂಬಿಗಳು ಆಚೆ ಕಾಣ್ತಿದ್ವು. ಕವರ್ ಸಾಕಷ್ಟು ಕೊಟ್ಟಿಲ್ಲದಿದ್ರೆ ಗಾಳಿ, ನೀರು ಬೇಗ ಒಳಗೆ ಹೋಗಿ ಕಂಬಿ ತುಕ್ಕು ಹಿಡಿಯುತ್ತೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಗೊಳುತ್ತೆ, ಹಾಗಾಗಿ ಕಾಂಕ್ರೀಟನ್ನ ಒಳಗಿಂದಲೇ ಒಡೆಯುತ್ತೆ. ಪರೀಕ್ಷೆಗೆ ಎರಡು ಮಾರ್ಕಿಗೆ ಬರೆದಿದ್ದೆ ಇದನ್ನ. ಕಣ್ಣಾರೆ ನೋಡಿದ್ದು ಅವತ್ತೇ.

"ಹೇಳು ಪುಟ್ಟಿ, ಒಡೀಬೇಕಾ, ಇಟ್ಕೋಬೋದಾ?" ಅಂತ ಕೊಳ್ಳೇಗಾಲದ ಆಂಟಿ ಕೇಳಿದ್ರು. ಹದಿನೆಂಟು ಮುಖ ನನ್ನ ಕಡೆ ತಿರುಗಿದ್ವು. "ನನಗೆ ಗೊತ್ತಿಲ್ಲ ಆಂಟಿ. ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ, ಟೆಸ್ಟ್ ಮಾಡಿಸ್ಬೇಕು" ಅಂದೆ. ಅಮ್ಮನ ಮುಖ ಸ್ವಲ್ಪ ಬಾಡಿತು. ಬೇರೆ ಏನು ಹೇಳ್ಲಿ? ಅಲ್ಲಿ ಹುಡುಗೀರು ಮಲಗ್ತಾರೆ.

ಆಮೇಲೆ ಶುರುವಾಯ್ತು ವಾದ. ಟ್ರಸ್ಟಿನವರಿಗೆ ಎಲ್ಲ ಕೆಡವಿ ಕೆಳಗೆ ಅಂಗಡಿ ಮಳಿಗೆ, ಮೇಲೆ ಹಾಸ್ಟೆಲ್ ಕಟ್ಟೋ ಆಸೆ. ಬಾಡಿಗೆ ಬರುತ್ತೆ, ತಪ್ಪೇನಿಲ್ಲ. ಕಟ್ಟೋ ಎರಡು ಮೂರು ವರ್ಷ ಹುಡುಗೀರು ಎಲ್ಲಿಗೆ ಹೋಗ್ಬೇಕು ಅನ್ನೋದಕ್ಕೆ ಮಾತ್ರ ಅವರ ಹತ್ರ ಉತ್ತರ ಇರ್ಲಿಲ್ಲ. ಈ ಕಡೆ ನಮ್ಮ ಆಂಟಿಯರಲ್ಲಿ ಅರ್ಧ ಜನ "ನಮ್ ರೂಮ್ ಮುಟ್ಟಬೇಡಿ" ಅನ್ನೋರು.

ನನಗೆ ನೆನಪಾಗಿದ್ದು ಅಮೆರಿಕದಲ್ಲಿ ಹುಟ್ಟಿ ಬೆಳೆದ ದೊಡ್ಡಮ್ಮನ ಮಗಳು. ಅವಳು ಕಾಲೇಜಲ್ಲಿ ಸೊರಾರಿಟಿ ಸೇರಿದ್ಲು. ನಾನು ಸಿನಿಮಾ ನೋಡಿ ಅದು ಬರೀ ಪಾರ್ಟಿ ಅನ್ಕೊಂಡಿದ್ದೆ. ಅದು ಹುಡುಗೀರ ಸಂಘ, ಹೆಸರಿಗೆ ಗ್ರೀಕ್ ಅಕ್ಷರ. ಇಂಥ ಸಂಘಕ್ಕೆ ಸೊರಾರಿಟಿ ಅನ್ನೋ ಪದ ಮೊದಲು ಬಳಸಿದ್ದು ಸಿರಾಕ್ಯೂಸ್‌ನಲ್ಲಿ 1874ರಲ್ಲಿ ಶುರುವಾದ ಗಾಮಾ ಫೈ ಬೀಟಾಗೋಸ್ಕರ. ಅದೇ ಊರಲ್ಲಿ ಆಲ್ಫಾ ಫೈ ಹುಡುಗೀರು 1886ರಲ್ಲೇ ಸ್ವಂತ ಮನೆ ಕಟ್ಟಿಸ್ಕೊಂಡ್ರು. ಅಲ್ಲೂ ಒಳಗೆ ಯಾರು, ಹೊರಗೆ ಯಾರು ಅನ್ನೋ ಗೋಡೆ ಇತ್ತು. ಕಪ್ಪು ಹೆಣ್ಣುಮಕ್ಕಳು 1908ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ತಮ್ಮದೇ ಆಲ್ಫಾ ಕಾಪಾ ಆಲ್ಫಾ ಕಟ್ಟಿದ್ರು. ಸಮುದಾಯದ ಹಾಸ್ಟೆಲ್ ಇಟ್ಕೊಂಡಿರೋ ನಾವು ಇದಕ್ಕೆ ಬೆರಳು ತೋರಿಸೋ ಹಾಗಿಲ್ಲ ಬಿಡಿ.

ಅಕ್ಕ ಫೋನಲ್ಲಿ ಹೇಳಿದ ಒಂದು ವಿಷಯ ನನಗೆ ಹಿಡಿಸ್ತು. ಅವರ ಮನೆ ಈಗ ಇರೋ ಹುಡುಗೀರ ಹೆಸರಲ್ಲಿಲ್ಲ. ಅದನ್ನ ನೋಡ್ಕೊಳೋಕೆ ಹಳೇ ವಿದ್ಯಾರ್ಥಿನಿಯರ ಹೌಸ್ ಕಾರ್ಪೊರೇಷನ್ ಅಂತ ಬೇರೆ ಸಂಸ್ಥೆ ಇದೆ. ಹುಡುಗೀರು ಕೊಡೋ ಬಾಡಿಗೆಯಲ್ಲಿ ಒಂದು ಪಾಲು ಪ್ರತಿ ವರ್ಷ ರಿಪೇರಿಗೆ ಅಂತಲೇ ಎತ್ತಿಡ್ತಾರೆ. ಛಾವಣಿ ಯಾವಾಗ ಬದಲಿಸ್ಬೇಕು, ಬಾಯ್ಲರ್ ಯಾವಾಗ, ಎಲ್ಲಾ ಮುಂಚೆನೇ ಬರೆದಿಟ್ಟಿರ್ತಾರೆ. "ಬಿದ್ಮೇಲೆ ಚಂದಾ ಎತ್ತೋದಲ್ಲ ಕಣೇ" ಅಂದ್ಲು, ಅವಳ ಅಮೆರಿಕನ್ ಕನ್ನಡದಲ್ಲಿ.

ಇದನ್ನ ಹೇಳಿ, ಎಕ್ಸೆಲ್ ತೆಗೆದು ಲೆಕ್ಕ ತೋರಿಸಿದೆ. 60 ಜನ, ತಿಂಗಳಿಗೆ 500 ಅಂದ್ರೆ ವರ್ಷಕ್ಕೆ 3,60,000. ನ್ಯೂಜೆರ್ಸಿಯಲ್ಲಿರೋ ಸಕಲೇಶಪುರದ ಆಂಟಿ ವಿಡಿಯೋ ಕಾಲಲ್ಲಿ "ನಾನೊಬ್ಬಳೇ ಐದು ಲಕ್ಷ ಕೊಡ್ತೀನಿ" ಅಂದ್ರು. ಎಲ್ಲರೂ ಚಪ್ಪಾಳೆ. ಆಗ ಬ್ಯಾಂಕಲ್ಲಿ ಕೆಲಸ ಮಾಡೋ ನಮ್ಮಮ್ಮ ಬಾಯಿ ಬಿಟ್ಲು: "ನಿಂದು ಯಾವ ಪಾಸ್‌ಪೋರ್ಟೇ?" ಅಮೆರಿಕದ್ದು. ವಿದೇಶಿ ಪೌರರ ದೇಣಿಗೆ ತಗೋಬೇಕಂದ್ರೆ 2010ರ ಎಫ್‌ಸಿಆರ್‌ಎ ಪ್ರಕಾರ ಟ್ರಸ್ಟಿಗೆ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. ಇವರ ಹತ್ರ ಎರಡೂ ಇಲ್ಲ. ದುಬೈ ಅರಸೀಕೆರೆ ಇನ್ನೂ ಭಾರತದ ಪಾಸ್‌ಪೋರ್ಟಲ್ಲೇ ಇರೋದ್ರಿಂದ ತಮ್ಮ ಉಳಿತಾಯದಿಂದ ಕೊಡ್ಬೋದು. ಸಕಲೇಶಪುರದ ಆಂಟಿ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. "ಅಲ್ಲೇ ಮೂರು ವರ್ಷ ಊಟ ಮಾಡಿದೀನಲ್ಲೇ" ಅಂದ್ರು. ಅಮ್ಮ ಫೋನು ತಗೊಂಡು ಆ ಕಡೆ ಹೋದ್ಲು.

ಅಷ್ಟರಲ್ಲಿ ಬಾಗಿಲ ಹತ್ರ ನಿಂತಿದ್ದ ಒಬ್ಬ ಹುಡುಗಿ, ಫಸ್ಟ್ ಇಯರ್ ಬಿಕಾಂ ಅಂತೆ, ಕೈ ಎತ್ತಿದ್ಲು. ಕ್ಲಾಸಲ್ಲಿ ಎತ್ತೋ ಹಾಗೆ. "ಆಂಟಿ, ಹಿಂದಿನ ಬ್ಲಾಕಲ್ಲಿ ಎರಡು ತಿಂಗಳಿಂದ ಬಿಸಿನೀರು ಇಲ್ಲ." ಬೆಳಿಗ್ಗೆಯಿಂದ ನಾವು ತೊಲೆ, ತಾರಸಿ, ಟ್ರಸ್ಟು ಅಂತ ಮಾತಾಡ್ತಾ ಇದ್ವಿ. ಅಲ್ಲಿ ಇರೋರನ್ನ ಒಬ್ಬರೂ ಏನೂ ಕೇಳಿರ್ಲಿಲ್ಲ, ನಾನೂ ಸೇರಿ.

ಹೋಗಿ ನೋಡಿದ್ರೆ ಗೀಸರ್ ಸುಟ್ಟಿತ್ತು, ಅದರ ಮೇಲಿನ ಸ್ಲ್ಯಾಬಿಂದ ನೀರು ಜಿನುಗ್ತಿತ್ತು. ಆ ಬ್ಲಾಕಿನ ಹನ್ನೊಂದು ಹುಡುಗೀರನ್ನ ಅವತ್ತೇ ಮುಂದಿನ ಬ್ಲಾಕಿನ ರೀಡಿಂಗ್ ರೂಮಿಗೆ ಸಾಗಿಸೋದು ಅಂತ ಆಯ್ತು. ಮಂಚಗಳನ್ನ ನಾವೇ ಹೊತ್ವಿ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಮ್ಮ ಒಂದು ಕಡೆ ಹಿಡಿದ್ರೆ, ಮೊಣಕಾಲು ನೋವಿನ ಕೊಳ್ಳೇಗಾಲ ಇನ್ನೊಂದು ಕಡೆ.

ಇಂಜಿನಿಯರ್ ಮುಂದಿನ ವಾರ ಬರ್ತಾರೆ. ರಿಬೌಂಡ್ ಹ್ಯಾಮರ್ ಟೆಸ್ಟ್ ಮಾಡುವಾಗ ಜೊತೆಗೆ ಇರ್ತೀನಿ ಅಂತ ಕೇಳಿದೀನಿ, ಒಪ್ಪಿದ್ದಾರೆ. 500 ರೂಪಾಯಿ ಇಲ್ಲಿವರೆಗೆ 41 ಜನ ಹಾಕಿದ್ದಾರೆ, ಎಕ್ಸೆಲ್ ನನ್ನ ತಲೆಗೇ ಕಟ್ಟಿದ್ದಾರೆ. ಮೊನ್ನೆ ಆ ಬಿಕಾಂ ಹುಡುಗೀನ ಗ್ರೂಪಿಗೆ ಸೇರಿಸಿದ್ವಿ. ಅವಳಿಗೂ ಊರಿನ ಹೆಸರೇ ಇಟ್ಟಿದ್ದಾರೆ, ಹುಣಸೂರು.