ಲೆಕ್ಕಕ್ಕೆ ಸಿಗದ ಬೀದಿ

ಎನ್‌ಸಿಆರ್‌ಬಿ ವರದಿ ಬಂದಾಗಲೆಲ್ಲ ಆಫೀಸಿನ ಊಟದ ಟೇಬಲ್ಲಿನಲ್ಲಿ ಚರ್ಚೆ ಗ್ಯಾರಂಟಿ. ಬೆಂಗಳೂರಿಗೆ ಎಷ್ಟನೇ ಸ್ಥಾನ? ದೆಹಲಿಗಿಂತ ನಾವು ವಾಸಿ ತಾನೇ? ಐಪಿಎಲ್ ಪಾಯಿಂಟ್ಸ್ ಟೇಬಲ್ ನೋಡಿದ ಹಾಗೆ ನೋಡ್ತೀವಿ. ಆದರೆ 1953ರಿಂದ ಬರುತ್ತಿರುವ ಈ ವರದಿ ಎಣಿಸುವುದು ನಡೆದ ಅಪರಾಧಗಳನ್ನಲ್ಲ, ದಾಖಲಾದ ಅಪರಾಧಗಳನ್ನು. ಅಪರಾಧ ಹೆಚ್ಚಾಗೋದು ಬೇರೆ, ದಾಖಲಾತಿ ಹೆಚ್ಚಾಗೋದು ಬೇರೆ ಅಂತ ವರದಿಯೇ ಹೇಳುತ್ತೆ. ಆ ಪುಟ ಯಾರೂ ಓದಲ್ಲ ಅಷ್ಟೇ.

ನಮ್ಮ ಶ್ರೀನಗರದ್ದೇ ತಗೊಳ್ಳಿ. ಬಸ್ ಸ್ಟ್ಯಾಂಡ್ ಹತ್ತಿರ ಬೈಕಿನಲ್ಲಿ ಬಂದವರು ನಮ್ಮ ಓನರ್ ಆಂಟಿಯ ಫೋನ್ ಕಿತ್ತುಕೊಂಡು ಹೋದರು. ಆಂಟಿಗೆ ಬೇಕಿದ್ದದ್ದು ಹಳೇ ನಂಬರಿನ ಸಿಮ್. ಮಗ ಇ-ಲಾಸ್ಟ್ ಆ್ಯಪಿನಲ್ಲಿ "ಕಳೆದುಹೋಗಿದೆ" ಅಂತ ಹಾಕಿ ರಸೀದಿ ತಗೊಂಡ. "ಕೋರ್ಟು ಕಚೇರಿ ಅಂತ ಯಾರಪ್ಪಾ ಅಲೀತಾರೆ" ಅಂದರು ಆಂಟಿ. ಕಿತ್ತುಕೊಂಡದ್ದು ಕಳೆದದ್ದಾಯಿತು. ಅದೇ ಪಕ್ಕದ ಮನೆಯವರ ಸ್ಕೂಟರ್ ಕಳುವಾದಾಗ ಅವತ್ತೇ ಎಫ್‌ಐಆರ್ ಆಯಿತು. ಯಾಕಂದ್ರೆ ಅದಿಲ್ಲದೆ ಇನ್ಶೂರೆನ್ಸ್ ದುಡ್ಡು ಬರಲ್ಲ. ಹಾಗಾಗಿ ವಾಹನ ಕಳವಿನ ಅಂಕಿಅಂಶವನ್ನು ಸುಮಾರಾಗಿ ನಂಬಬಹುದು, ಫೋನಿನದನ್ನು ನಂಬೋಕಾಗಲ್ಲ.

ಗಂಭೀರ ಅಪರಾಧದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸ್ಟೇಷನ್ ಮೆಟ್ಟಿಲನ್ನೇ ಹತ್ತದವರಿಗೆ ಆ ತೀರ್ಪು ಏನು ಮಾಡೀತು?

ನಮ್ಮ ಮಹಡಿ ಮನೆಯ ಅಕ್ಕ ಹತ್ತಿಲ್ಲ. ಗೋಡೆ ತೆಳು, ಕೆಲವು ರಾತ್ರಿ ಎಲ್ಲ ಕೇಳಿಸುತ್ತೆ. ದೂರು ಕೊಡೋಣ ಅಂದಿದ್ದಕ್ಕೆ ಅವರ ಉತ್ತರ ಒಂದೇ: "ಅವ್ರು ಒಳಗೆ ಹೋದ್ರೆ ಬಾಡಿಗೆ ಯಾರು ಕಟ್ತಾರೆ?"

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪೊಲೀಸರನ್ನು ಕೇಳಲ್ಲ, ಮನೆಗೇ ಹೋಗಿ ಹೆಂಗಸರನ್ನೇ ಕೇಳುತ್ತೆ. 2019-21ರಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದರು. ದೇಶದಲ್ಲೇ ಹೆಚ್ಚು. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ಹಿಂಸೆ ದುಪ್ಪಟ್ಟಾಯಿತೋ, ಹೇಳುವ ಧೈರ್ಯ ದುಪ್ಪಟ್ಟಾಯಿತೋ? ಇಡೀ ದೇಶದಲ್ಲಿ ಹಿಂಸೆ ಅನುಭವಿಸಿದವರ ಪೈಕಿ ಯಾರ ಬಳಿಯಾದರೂ ಸಹಾಯ ಕೇಳಿದವರು ಶೇ 14 ಮಾತ್ರ. ಅದರಲ್ಲೂ ಹೆಚ್ಚಿನವರು ಹೋದದ್ದು ತವರಿಗೆ, ಸ್ಟೇಷನ್ನಿಗಲ್ಲ.

ಮಹಿಳಾ ಸಹಾಯವಾಣಿ 181 ಅನ್ನು ಆಂಟಿ ಆ ಅಕ್ಕನ ಫೋನಿನಲ್ಲಿ "ಗ್ಯಾಸ್" ಅಂತ ಸೇವ್ ಮಾಡಿಕೊಟ್ಟಿದ್ದಾರೆ. ಇನ್ನೂ ಕರೆ ಹೋಗಿಲ್ಲ. ದೂರು ದಾಖಲಾದ ವರ್ಷ ಬೆಂಗಳೂರಿನ ಲೆಕ್ಕದಲ್ಲಿ ಒಂದು ಅಪರಾಧ ಹೆಚ್ಚಾಗುತ್ತೆ. ನಮ್ಮ ಬೀದಿ ಮಾತ್ರ ಅವತ್ತು ಸ್ವಲ್ಪ ಸೇಫ್ ಆಗಿರುತ್ತೆ.