ಶಕ್ತಿತಃ ತ್ಯಾಗ: ಒಬ್ಬ ವೈದ್ಯಕೀಯ ವಿದ್ಯಾರ್ಥಿನಿಯ ಸಮುದ್ರಯಾನ

ಮನೆಯ ಮಗನೋ ಮಗಳೋ ವೈದ್ಯಕೀಯ ವ್ಯಾಸಂಗಕ್ಕಾಗಿ ಹೊರದೇಶಕ್ಕೆ ಹೊರಟರೆಂದರೆ ಶ್ರಾವಕ ಕುಟುಂಬಗಳಲ್ಲಿ ಎರಡು ಬಗೆಯ ಸಿದ್ಧತೆ ಒಟ್ಟಿಗೇ ನಡೆಯುತ್ತದೆ. ಒಂದು ಕಡೆ ಪರೀಕ್ಷೆ, ಶುಲ್ಕ, ಪಾಸ್‌ಪೋರ್ಟು, ಬ್ಯಾಂಕಿನ ಸಾಲ. ಇನ್ನೊಂದು ಕಡೆ, ಅಲ್ಲಿ ಊಟಕ್ಕೇನು, ಸೂರ್ಯಾಸ್ತದೊಳಗೆ ಉಣ್ಣುವ ನಿಯಮ ನಡೆದೀತೆ, ಕಂದಮೂಲ ಬಿಟ್ಟು ಬದುಕಲಾದೀತೆ ಎಂಬ ಚಿಂತೆ. ಈ ಎರಡನೆಯ ಚಿಂತೆ ಹೊಸದಲ್ಲ, ಜೈನರಿಗಷ್ಟೇ ಸೇರಿದುದೂ ಅಲ್ಲ. ಒಂದು ಶತಮಾನಕ್ಕೂ ಹಿಂದೆ ಮಹಾರಾಷ್ಟ್ರದ ಬ್ರಾಹ್ಮಣ ಗೃಹಿಣಿಯೊಬ್ಬರು ಇದೇ ಪ್ರಶ್ನೆಗೆ ತುಂಬಿದ ಸಭೆಯಲ್ಲಿ ಉತ್ತರ ಹೇಳಿ ಹಡಗು ಹತ್ತಿದರು. ಅವರೇ ಆನಂದೀಬಾಯಿ ಜೋಶಿ.

ಅವರ ಜನನ 31 ಮಾರ್ಚ್ 1865. ಒಂಬತ್ತನೆಯ ವಯಸ್ಸಿನಲ್ಲಿ ಅಂಚೆ ಇಲಾಖೆಯ ನೌಕರ ಗೋಪಾಲರಾವ್ ಜೋಶಿಯವರೊಡನೆ ವಿವಾಹ. ವರನು ವಿಧುರ, ವಯಸ್ಸಿನಲ್ಲಿ ಬಹಳ ಹಿರಿಯ. ಹದಿನಾಲ್ಕನೆಯ ವಯಸ್ಸಿನಲ್ಲಿ ಹಡೆದ ಗಂಡುಶಿಶು ಹತ್ತು ದಿನಗಳಲ್ಲಿ, ತಕ್ಕ ಚಿಕಿತ್ಸೆ ದೊರೆಯದೆ, ತೀರಿಕೊಂಡಿತು. ವೈದ್ಯಳಾಗಬೇಕೆಂಬ ಸಂಕಲ್ಪ ಹುಟ್ಟಿದ್ದು ಆ ದುಃಖದಲ್ಲಿ. ಗಂಡನ ವರ್ಗಾವಣೆಗಳೊಡನೆ ಕೊಲ್ಲಾಪುರ, ಕಚ್ಛದ ಭುಜ್, ಕಲಕತ್ತೆ, ಶ್ರೀರಾಮಪುರ ಎಂದು ಊರೂರು ಅಲೆಯುತ್ತಲೇ ಓದು ಸಾಗಿತು. ಅಮೆರಿಕದ ನ್ಯೂಜೆರ್ಸಿಯ ಥಿಯೋಡೀಷಿಯಾ ಕಾರ್ಪೆಂಟರ್ ಎಂಬ ಮಹಿಳೆ ಮಿಷನರಿ ಪತ್ರಿಕೆಯೊಂದರಲ್ಲಿ ಈ ದಂಪತಿಗಳ ವಿಷಯವನ್ನು ಓದಿ ಪತ್ರ ಬರೆದುದರಿಂದ, ದೂರದ ದೇಶದಲ್ಲಿ ತಂಗಲು ಒಂದು ಮನೆಯ ಆಸರೆಯೂ ಒದಗಿತು.

ಹೊರಡುವ ಸುದ್ದಿ ಹರಡಿದೊಡನೆ ನಿಂದೆಯೂ ಹರಡಿತು. 24 ಫೆಬ್ರವರಿ 1883ರಂದು ಶ್ರೀರಾಮಪುರದ ಕಾಲೇಜಿನಲ್ಲಿ ಆನಂದೀಬಾಯಿಯವರು ಸಭೆಯ ಮುಂದೆ ನಿಂತು, ಜನರು ತಮ್ಮನ್ನು ಕೇಳುತ್ತಿದ್ದ ಆರು ಪ್ರಶ್ನೆಗಳನ್ನು ತಾವೇ ಎತ್ತಿ ಒಂದೊಂದಕ್ಕೂ ಸಮಾಧಾನ ಹೇಳಿದರು. ಒಬ್ಬಳೇ ಏಕೆ ಹೋಗುವುದು? ಗಂಡನಿಗೆ ತನ್ನ ಮನೆಯವರನ್ನು ಸಾಕುವ ಹೊಣೆಯಿದೆ, ಇಬ್ಬರ ಖರ್ಚಿಗೆ ಹಣವೂ ಇಲ್ಲ. ಹಿಂದಿರುಗಿದ ಮೇಲೆ ಜಾತಿಯಿಂದ ಹೊರಗಿಡುವುದಿಲ್ಲವೆ? ಆಹಾರ, ಉಡುಪು, ಆಚಾರ ಯಾವುದನ್ನೂ ಬದಲಿಸದೆ ಇಲ್ಲಿದ್ದಂತೆಯೇ ಅಲ್ಲಿಯೂ ಇರುವುದಾದರೆ ಹೊರಗಿಡಲು ಕಾರಣವೇನು? ಈ ಉತ್ತರದಲ್ಲಿ ಅವರು ಇನ್ನೊಂದು ಮಾತನ್ನೂ ಸೇರಿಸಿದರು: ತಮ್ಮ ಅಗತ್ಯಗಳನ್ನು ಹೆಚ್ಚಿಸಿಕೊಳ್ಳುವುದಿಲ್ಲ, ಪೂರ್ವಿಕರಂತೆ ಸರಳವಾಗಿಯೇ ಇರುತ್ತೇನೆ ಎಂದು. ಪರಿಗ್ರಹ ಪರಿಮಾಣವೆಂಬ ಹೆಸರು ಅವರಿಗೆ ತಿಳಿದಿತ್ತೋ ಇಲ್ಲವೋ, ಅಣುವ್ರತಿಯಾದ ಶ್ರಾವಕನು ಮಾಡುವ ಸಂಕಲ್ಪ ಇದಕ್ಕಿಂತ ಬೇರೆಯಲ್ಲ.

ಅದೇ ವರ್ಷದ ಏಪ್ರಿಲ್ 7ರಂದು ಕಲಕತ್ತೆಯಿಂದ ಹಡಗು ಹೊರಟಿತು. ಪ್ರಯಾಣದ ವೆಚ್ಚಕ್ಕೆ ಒಡವೆಗಳು ಮಾರಾಟವಾದವು. ಫಿಲಡೆಲ್ಫಿಯಾದಲ್ಲಿ 1850ರಲ್ಲಿ ಸ್ಥಾಪಿತವಾದ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜು ಅವರನ್ನು ಸೇರಿಸಿಕೊಂಡಿತು. ಅದರ ಮುಖ್ಯಸ್ಥೆ ರೇಚಲ್ ಬಾಡ್ಲಿಯವರ ಮೂಲಕ ಮೂರು ವರ್ಷಗಳಿಗೆಂದು 600 ಡಾಲರುಗಳ ವಿದ್ಯಾರ್ಥಿವೇತನ ದೊರೆಯಿತು. ಎಂದರೆ ವರ್ಷಕ್ಕೆ ಇನ್ನೂರು, ತಿಂಗಳಿಗೆ ಹದಿನೇಳಕ್ಕೂ ಕಡಿಮೆ. ಕಾಲೇಜಿಗೆ ಬರೆದ ಅರ್ಜಿಯಲ್ಲಿ ಅವರು ತಮ್ಮ ಯೋಗ್ಯತೆಯನ್ನು ಹಿಗ್ಗಿಸಿ ಹೇಳಲಿಲ್ಲ. ಪುರುಷ ವೈದ್ಯನ ಕೈಗೆ ಒಪ್ಪಿಸಿಕೊಳ್ಳುವುದಕ್ಕಿಂತ ಸಾವೇ ಲೇಸೆಂದು ಬಗೆಯುವ ತಮ್ಮ ನಾಡಿನ ಹೆಂಗಸರಿಗೆ ನೆರವಾಗುವ ಉದ್ದೇಶವನ್ನಷ್ಟೇ ಮುಂದಿಟ್ಟರು. ಅಂಕಪಟ್ಟಿಯ ಭಾರದಿಂದಲೇ ಎಲ್ಲವನ್ನೂ ತೂಗುವ ಈ ಕಾಲದಲ್ಲಿ ಇಂತಹ ಅರ್ಜಿಗೆ ಯಾವ ಕಾಲೇಜು ಬಾಗಿಲು ತೆರೆದೀತು!

ಇನ್ನು ವ್ರತದ ವಿಷಯ. ಮಾಂಸಾಹಾರದ ಸೀಮೆಯಲ್ಲಿ ಅವರು ಸಸ್ಯಾಹಾರವನ್ನು ಬಿಡಲಿಲ್ಲ, ಸೀರೆಯನ್ನು ಬಿಡಲಿಲ್ಲ, ಧರ್ಮಾಂತರದ ಒತ್ತಾಯಕ್ಕೂ ಮಣಿಯಲಿಲ್ಲ. ಆದರೆ ಒಂದು ಸಣ್ಣ ಸಂಗತಿ ಗಮನಾರ್ಹವಾದುದು. ಮಹಾರಾಷ್ಟ್ರದ ಕಚ್ಚೆಯ ಸೀರೆಯಲ್ಲಿ ಕಾಲಿನ ಕೆಳಭಾಗ ತೆರೆದಿರುತ್ತದೆ; ಫಿಲಡೆಲ್ಫಿಯಾದ ಹಿಮಕ್ಕೆ ಅದು ಸಾಲದು. ಅವರು ಮೈಯನ್ನು ಪೂರ್ಣವಾಗಿ ಮುಚ್ಚುವ ಗುಜರಾತಿ ರೀತಿಯಲ್ಲಿ ಸೀರೆ ಉಡತೊಡಗಿದರು. ಸಭೆಯಲ್ಲಿ ಆಡಿದ ಮಾತಿನ ಅಕ್ಷರ ಸ್ವಲ್ಪ ಸಡಿಲಿತು, ಅರ್ಥ ಸಡಿಲಲಿಲ್ಲ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿತಃ’ ಎಂಬ ವಿಶೇಷಣವನ್ನು ತತ್ತ್ವಾರ್ಥಸೂತ್ರಕಾರರು ಸುಮ್ಮನೆ ಸೇರಿಸಲಿಲ್ಲ. ಶಕ್ತಿಯನ್ನು ಅಡಗಿಸಲೂ ಬಾರದು, ಶಕ್ತಿಯನ್ನು ಮೀರಲೂ ಬಾರದು. ಆ ಶಕ್ತಿಯ ಅಳತೆ ವ್ರತಿಗೆ ತಿಳಿಯುವಷ್ಟು ದಡದ ಮೇಲೆ ಕುಳಿತವರಿಗೆ ತಿಳಿಯದು.

ದಡದ ಮೇಲಿದ್ದವರಾದರೋ ಅಳತೆ ಹಾಕುತ್ತಲೇ ಇದ್ದರು. ಹೆಂಡತಿಯನ್ನು ಓದಿಸಿದ ಕೀರ್ತಿ ಗೋಪಾಲರಾಯರಿಗೆ ನ್ಯಾಯವಾಗಿಯೇ ಸಲ್ಲುತ್ತದೆ. ಆದರೆ ಆ ಓದಿನ ದಾರಿಯಲ್ಲಿ ಎಳೆಯ ವಯಸ್ಸಿನಲ್ಲಿ ತಿಂದ ಪೆಟ್ಟುಗಳನ್ನು ಆನಂದೀಬಾಯಿಯವರು ಅಮೆರಿಕದಿಂದ ಗಂಡನಿಗೆ ಬರೆದ ಪತ್ರದಲ್ಲಿಯೇ ನೆನಪಿಸಿದ್ದಾರೆ. ಅವರಿಂದ ಬರುತ್ತಿದ್ದ ಪತ್ರಗಳಲ್ಲಿ ಸಂಶಯವೂ ಕಟುಮಾತೂ ಇದ್ದವು. ಶೀತ, ಒಗ್ಗದ ಆಹಾರ, ಪರೀಕ್ಷೆಯ ಶ್ರಮ ಇವುಗಳ ಮೇಲೆ ಮನೆಯ ಅಂಚೆಯ ಭಾರವೂ ಕೂಡಿತು. ವ್ಯಾಪಾರದಲ್ಲಿ ಸರಕು ಸಾಗಿಸುವಾಗ ದಾರಿಯ ನಷ್ಟಕ್ಕೆಂದು ಒಂದಿಷ್ಟು ತೆಗೆದಿಡುವುದು ಪದ್ಧತಿ. ಮಕ್ಕಳನ್ನು ಕಳುಹಿಸುವ ಮನೆಗಳು ಶುಲ್ಕವನ್ನು ಬರೆದುಕೊಳ್ಳುತ್ತವೆ, ಟಿಕೇಟನ್ನು ಬರೆದುಕೊಳ್ಳುತ್ತವೆ. ದೇಹ ಸವೆಯುವುದನ್ನು ಯಾವ ಪುಟದಲ್ಲಿಯೂ ಬರೆಯುವುದಿಲ್ಲ. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂಬ ಮಾತು ಎಷ್ಟು ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ! ವೈದ್ಯಕೀಯ ಓದುವ ಮಗುವಿಗೆ ತನ್ನ ಆರೋಗ್ಯ ತಾನೇ ತಿಳಿದಿರುತ್ತದೆಂದು ಹಿರಿಯರು ನಂಬುವುದು ಇನ್ನೂ ವಿಚಿತ್ರ.

ಆನಂದೀಬಾಯಿಯವರ ಪರೀಕ್ಷೆಗಳು ಮುಗಿದವು. ಆರ್ಯ ಹಿಂದೂಗಳಲ್ಲಿನ ಪ್ರಸೂತಿಶಾಸ್ತ್ರವನ್ನು ಕುರಿತು ಅವರು ಪ್ರಬಂಧ ಬರೆದರು. 11 ಮಾರ್ಚ್ 1886ರಂದು ಪದವಿ ಪ್ರದಾನವಾದಾಗ ಪಂಡಿತಾ ರಮಾಬಾಯಿಯವರು ಸಭೆಯಲ್ಲಿದ್ದರು. ಬೆಳಗಾವಿಗೆ ನೆರೆಯದಾದ ಕೊಲ್ಲಾಪುರದ ಸಂಸ್ಥಾನವು ತನ್ನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀ ವಿಭಾಗಕ್ಕೆ ಅವರನ್ನು ಮುಖ್ಯ ವೈದ್ಯೆಯಾಗಿ ನೇಮಿಸಿತು. ಆದರೆ ಅಷ್ಟರಲ್ಲಿ ಕ್ಷಯ ಅವರನ್ನು ಹಿಡಿದಿತ್ತು. ಆ ವರ್ಷದ ಕೊನೆಗೆ ಸ್ವದೇಶಕ್ಕೆ ಬಂದಿಳಿದವರು 26 ಫೆಬ್ರವರಿ 1887ರಂದು ಪುಣೆಯಲ್ಲಿ ತೀರಿಕೊಂಡರು; ಇಪ್ಪತ್ತೆರಡು ತುಂಬಲು ಒಂದು ತಿಂಗಳಿಗೂ ತುಸು ಹೆಚ್ಚು ಉಳಿದಿತ್ತು. ಕೊಲ್ಲಾಪುರದ ಆ ಹುದ್ದೆಯಲ್ಲಿ ಅವರು ಕುಳಿತುಕೊಳ್ಳಲಿಲ್ಲ. ಚಿತಾಭಸ್ಮವನ್ನು ಕಾರ್ಪೆಂಟರ್ ಅವರಿಗೆ ಕಳುಹಿಸಲಾಯಿತು. ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ, ಆ ಕುಟುಂಬದವರ ಸಮಾಧಿಗಳ ನಡುವೆ, ಅವರ ಹೆಸರಿನ ಕಲ್ಲು ಇದೆ.